ಡೊಳ್ಳು, ಕಂಸಾಳೆ, ವೀರಗಾಸೆ, ಕೋಲಾಟ: ಯಾವ ಸಂದರ್ಭಕ್ಕೆ ಯಾವ ಮೇಳ, ಕಲಿಯುವುದಾದರೆ ಯಾರ ಬಳಿ?

ಊರ ಹಬ್ಬಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ, ಬಡಾವಣೆಯ ರಾಜ್ಯೋತ್ಸವಕ್ಕೆ ಜನಪದ ಕಲಾತಂಡವೊಂದನ್ನು ಗೊತ್ತುಮಾಡಲು ಹೊರಟವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಎಷ್ಟು ಜನ ಬರುತ್ತಾರೆ, ಎಷ್ಟು ಹಣವಾಗುತ್ತದೆ. ಎರಡೂ ಬೇಕಾದ ಪ್ರಶ್ನೆಗಳೇ. ಅವಕ್ಕೂ ಮೊದಲು ‘ನಿಮ್ಮ ಮೇಳದಲ್ಲಿ ಹಾಡುವವರು ಯಾರು?’ ಎಂದು ಕೇಳಿ. ನಮ್ಮ ಭಾಗದ ಶಾಲೆಗಳಿಗೂ ಸಂಘಗಳಿಗೂ ತಂಡಗಳನ್ನು ಕರೆಸುವ ಕೆಲಸದಲ್ಲಿ ಬಹುಕಾಲದಿಂದ ಕೈಜೋಡಿಸುತ್ತ ಬಂದಿದ್ದೇನೆ. ಒಳ್ಳೆಯ ಮೇಳವನ್ನು ಗುರುತಿಸಲು ನನಗೆ ಇದಕ್ಕಿಂತ ನಂಬಿಕೆಯ ಅಳತೆ ಸಿಕ್ಕಿಲ್ಲ.

ಕಾರಣ ಸರಳ. ನಮ್ಮ ಕುಣಿತಗಳಲ್ಲಿ ಹೆಚ್ಚಿನವು ಒಬ್ಬರ ದನಿಯ ಮೇಲೆ ನಿಂತಿವೆ. ಕಂಸಾಳೆಯಲ್ಲಿ ಮೊದಲಿಗರಾಗಿ ಹಾಡುವ ಮುಮ್ಮೇಳದವರು ಸೊಲ್ಲನ್ನು, ಅಂದರೆ ಹಾಡಿನ ನುಡಿಯನ್ನು, ಎತ್ತಿಕೊಟ್ಟರೆ ಹಿಮ್ಮೇಳ ಅದನ್ನು ಹೊತ್ತು ಸಾಗುತ್ತದೆ. ವೀರಗಾಸೆಯಲ್ಲಿ ಒಡಪು, ಅಂದರೆ ದೇವರ ಕಥೆ ಸಾರುವ ಏರುದನಿಯ ಮಾತು, ಹೇಳುವವರು ಮಾತು ಮುಗಿಸಿದ ಕ್ಷಣಕ್ಕೆ ವಾದ್ಯ ಎದ್ದು ಕುಣಿತ ಕಳೆಗಟ್ಟುತ್ತದೆ. ಕೋಲಾಟದಲ್ಲಿ ಹಾಡು ಬದಲಾದರೆ ಸುತ್ತು ಬದಲಾಗುತ್ತದೆ. ಹುಬ್ಬಳ್ಳಿ ಸೀಮೆಯ ಜಗ್ಗಲಿಗೆ ಮೇಳವನ್ನು ನೋಡಿ: ಎತ್ತಿನ ಗಾಡಿಯ ಚಕ್ರದ ಪಟ್ಟಿಗೆ ಎಮ್ಮೆಯ ಚರ್ಮ ಬಿಗಿದು ಮಾಡಿದ ದೊಡ್ಡ ವಾದ್ಯಗಳನ್ನು ಉರುಳಿಸುತ್ತ ಬಾರಿಸುವ ಅಷ್ಟೂ ಜನರನ್ನು ಸಣ್ಣದೊಂದು ಕಣಿಹಲಗೆ ವಾದ್ಯ ಹಿಡಿದವನು ನಡೆಸುತ್ತಾನೆ. ಅವನು ಗತ್ತು, ಅಂದರೆ ಬಾರಿಸುವ ಲಯ, ಬದಲಿಸಿದರೆ ಮೇಳ ಬದಲಿಸುತ್ತದೆ. ಹೀಗೆ ಮುಂದೆ ನಿಂತು ನಡೆಸುವವರು ಗಟ್ಟಿಯಾಗಿದ್ದರೆ ಉಳಿದವರಲ್ಲಿ ಇಬ್ಬರು ಹೊಸಬರಿದ್ದರೂ ಪ್ರದರ್ಶನ ಚೆನ್ನಾಗಿಯೇ ಸಾಗುತ್ತದೆ. ಅವರೇ ಇಲ್ಲದೆ ಪೆನ್‌ಡ್ರೈವ್‌ನಲ್ಲಿ ಹಾಡು ತಂದು, ಒಂದೇ ಬಗೆಯ ಹೊಳೆಯುವ ಬಟ್ಟೆ ತೊಟ್ಟು ಬರುವ ತಂಡಗಳು ಈಗ ಬಹಳವಾಗಿವೆ. ಅಂಥ ತಂಡವನ್ನು ಯಾವ ಸಂದರ್ಭಕ್ಕೂ ಕರೆಸಬೇಡಿ ಎಂದೇ ನಾನು ಹೇಳುತ್ತೇನೆ.

ಯಕ್ಷಗಾನವನ್ನು ಈ ಹೋಲಿಕೆಯಲ್ಲಿ ಸೇರಿಸಿಲ್ಲ. ಭಾಗವತರು, ತಿಟ್ಟುಗಳು, ಪ್ರಸಂಗಗಳೆಂದು ಅದರ ಲೆಕ್ಕಾಚಾರವೇ ದೊಡ್ಡದು, ಅದಕ್ಕೆ ಬೇರೆಯೇ ಬರಹ ಬೇಕು.

ಡೊಳ್ಳೋ, ಕಂಸಾಳೆಯೋ?

ಹೆಚ್ಚಿನ ಸಂಘಟಕರ ಮುಂದೆ ಕೊನೆಗೆ ಉಳಿಯುವುದು ಈ ಎರಡೇ ಹೆಸರು. ಎರಡೂ ಗಂಡುಗಲೆಗಳೆಂದು ಹೆಸರಾದವು. ಈಗ ಎರಡರಲ್ಲೂ ಹೆಣ್ಣುಮಕ್ಕಳು ಕುಣಿಯುತ್ತಾರೆ, ಮಲೆನಾಡಿನ ಕಡೆ ಮಹಿಳೆಯರದ್ದೇ ಡೊಳ್ಳಿನ ತಂಡಗಳಿವೆ. ಎರಡೂ ದೇವರ ಸೇವೆಯಿಂದ ಹುಟ್ಟಿದವು. ಆದರೆ ಅವು ಬೇಡುವ ಜಾಗ, ಕೊಡುವ ಅನುಭವ ಪೂರ್ತಿ ಬೇರೆ.

ಡೊಳ್ಳು ಕುರುಬ ಸಮುದಾಯದ ಕಲೆ, ಬೀರಲಿಂಗೇಶ್ವರನ ಆರಾಧನೆಯೊಂದಿಗೆ ಬೆಳೆದದ್ದು. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ, ಹಾವೇರಿ ಕಡೆ ಕುಣಿತವಾಗಿ ಬೆಳೆದರೆ, ವಿಜಯಪುರ, ಬಾಗಲಕೋಟೆ ಕಡೆ ಡೊಳ್ಳಿನ ಪದವಾಗಿ, ಎದುರುಬದುರು ನಿಂತು ಹಾಡುವ ಹಾಡಿಕೆಯಾಗಿ ಉಳಿದಿದೆ. ಇದು ಗೊತ್ತಿಲ್ಲದೆ ‘ಡೊಳ್ಳಿನವರು ಬೇಕು’ ಎಂದಷ್ಟೇ ಫೋನಿನಲ್ಲಿ ಹೇಳಿದರೆ, ಕುಣಿತ ನಿರೀಕ್ಷಿಸಿದವರಿಗೆ ರಾತ್ರಿಯಿಡೀ ಹಾಡುವ ಮೇಳ ಬಂದು ನಿಲ್ಲಬಹುದು. ಅದೂ ಸೊಗಸೇ, ಆದರೆ ನಿಮ್ಮ ಹದಿನೈದು ನಿಮಿಷದ ವೇದಿಕೆಗೆ ಹೊಂದುವುದಿಲ್ಲ.

ಕುಣಿತದ ಡೊಳ್ಳಿಗೆ ಬಯಲು ಬೇಕು. ಹತ್ತು ಹನ್ನೆರಡು ಜನ ಸೊಂಟಕ್ಕೆ ಭಾರವಾದ ಡೊಳ್ಳು ಬಿಗಿದುಕೊಂಡು, ಬಲಗೈಯಲ್ಲಿ ಗುಣಿ ಎಂಬ ಕೋಲು, ಎಡಗೈಯಲ್ಲಿ ಬರಿ ಅಂಗೈ ಬಳಸಿ ಬಾರಿಸುತ್ತ ಸುತ್ತು ಹಾಕುತ್ತಾರೆ, ಬಾಗುತ್ತಾರೆ, ಒಬ್ಬರ ಮೇಲೊಬ್ಬರು ಹತ್ತಿ ನಿಲ್ಲುತ್ತಾರೆ. ಹಲಗೆ ಜೋಡಿಸಿದ ತಾತ್ಕಾಲಿಕ ವೇದಿಕೆಯ ಮೇಲೆ ಇದನ್ನು ಮಾಡಿಸುವುದು ಅಪಾಯ. ವೇದಿಕೆಯ ಮುಂದಿನ ನೆಲವನ್ನೇ ಖಾಲಿ ಬಿಡಿಸಿ, ಜನರನ್ನು ಮೂರು ಕಡೆ ಕೂರಿಸಿ. ಮುಚ್ಚಿದ ಕಲ್ಯಾಣಮಂಟಪದೊಳಗೆ ಹನ್ನೆರಡು ಡೊಳ್ಳು ಒಮ್ಮೆಗೆ ಮೊಳಗಿದರೆ ಎಳೆಯ ಮಕ್ಕಳೂ ವಯಸ್ಸಾದವರೂ ಕಿವಿ ಮುಚ್ಚಿಕೊಂಡು ಹೊರಗೆ ನಡೆಯುತ್ತಾರೆ, ಗೋಡೆಗೆ ಬಡಿದು ಮರಳುವ ಸದ್ದಿನಲ್ಲಿ ಲಯದ ಸೂಕ್ಷ್ಮವೆಲ್ಲ ಕಲಸಿಹೋಗುತ್ತದೆ. ಡೊಳ್ಳಿಗೆ ಮೈಕು ಹಿಡಿಯುವುದಂತೂ ಬೇಡವೇ ಬೇಡ. ಮೈಕು ಇದ್ದರೆ ಅದು ಹಾಡುವವರಿಗೆ.

ಇನ್ನೊಂದು ವಿಷಯ ಹವಾಮಾನದ್ದು. ಚರ್ಮದ ವಾದ್ಯ ತೇವಕ್ಕೆ ಸಡಿಲಾಗುತ್ತದೆ. ನವೆಂಬರ್ ಮೊದಲ ವಾರದಲ್ಲಿ ಎಷ್ಟೋ ಊರುಗಳಲ್ಲಿ ಹಿಂಗಾರಿನ ಹನಿ ಬಿಟ್ಟಿರುವುದಿಲ್ಲ, ಅದೇ ಹೊತ್ತಿಗೆ ರಾಜ್ಯೋತ್ಸವ ಬರುತ್ತದೆ. ವಾದ್ಯಗಳನ್ನಿಡಲು ಒಣಗಿದ, ಮೇಲೆ ಸೂರಿರುವ ಜಾಗ ತೋರಿಸುವುದು ಸಂಘಟಕರ ಜವಾಬ್ದಾರಿ.

ಕಂಸಾಳೆ ಈ ಎಲ್ಲದರಲ್ಲಿ ಹಗುರ. ಮಲೆ ಮಹದೇಶ್ವರನ ಒಕ್ಕಲಾಗಿ ದೀಕ್ಷೆ ಪಡೆದ ದೇವರಗುಡ್ಡರು ಮೈಸೂರು, ಚಾಮರಾಜನಗರ, ಮಂಡ್ಯ, ರಾಮನಗರ ಸೀಮೆಯಲ್ಲಿ ಉಳಿಸಿಕೊಂಡು ಬಂದ ಕಲೆ ಇದು. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ, ದಾರದ ತುದಿಯಲ್ಲಿ ಗೊಂಡೆ. ಇಷ್ಟೇ ಸಾಮಗ್ರಿ. ಕುಳಿತು ಹಾಡುವ ಕಂಸಾಳೆಗೆ ಮೂರು ನಾಲ್ಕು ಜನ ಸಾಕು, ಒಂದು ಮನೆಯ ಹಜಾರವೂ ಸಾಕು. ಮಹದೇಶ್ವರನ ಕಾವ್ಯದಿಂದ ಒಂದು ಸಾಲು, ಅಂದರೆ ಒಂದು ಕಥಾಭಾಗ, ಶ್ರವಣನ ಸಂಹಾರವೋ ಸಂಕಮ್ಮನ ಕಥೆಯೋ, ಎರಡು ಗಂಟೆ ನಡೆಯುತ್ತದೆ. ಸಂಕಮ್ಮನ ಮೇಲೆ ಗಂಡ ನೀಲೇಗೌಡ ಹೊರಿಸುವ ಸಂಶಯ, ಅವಳ ಒಂಟಿತನ, ಮಾದಪ್ಪ ಅವಳ ಮನೆಬಾಗಿಲಿಗೆ ಬರುವುದು, ಇವೆಲ್ಲ ಒಳ್ಳೆಯ ಹಾಡುಗಾರರ ಬಾಯಲ್ಲಿ ಬಂದಾಗ ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ನೋಡಿದ್ದೇನೆ.

ಬೀಸು ಕಂಸಾಳೆ ಬೇರೆ. ಅದು ವೇಗದ, ವರಸೆಗಳ ಕುಣಿತ. ತಾಳವನ್ನು ತಲೆಯ ಸುತ್ತ ಬೀಸಿ, ನೆಲಕ್ಕೆ ಮಲಗಿ, ಪಕ್ಕದವರ ಬಟ್ಟಲಿಗೆ ತಾಕಿಸಿ ಲಯ ತಪ್ಪದೆ ಹಿಂದೆ ತರುತ್ತಾರೆ. ಇದಕ್ಕೆ ಪ್ರೇಕ್ಷಕರು ದೂರವಿರಬೇಕು, ಮಕ್ಕಳನ್ನು ಅಂಚಿಗೆ ಬಂದು ಕೂರಲು ಬಿಡಬಾರದು. ದಾರ ಕಿತ್ತರೆ ಕಂಚಿನ ಬಿಲ್ಲೆ ಹಾರಿಬರುತ್ತದೆ. ಅನುಭವಿ ಮೇಳದವರು ಕುಣಿತಕ್ಕೆ ಮೊದಲು ಪ್ರತಿ ದಾರವನ್ನೂ ಎಳೆದು ನೋಡುತ್ತಾರೆ. ಇದನ್ನು ಗಮನಿಸಿದರೆ ಮೇಳದ ಶಿಸ್ತು ತಿಳಿಯುತ್ತದೆ.

ನನ್ನ ಸಲಹೆ ಹೀಗೆ: ಸಾವಿರ ಜನ ಸೇರುವ ಬಯಲು, ಉದ್ಘಾಟನೆಯ ಹೊತ್ತು, ಎದೆ ನಡುಗಿಸುವ ಆರಂಭ ಬೇಕೆಂದರೆ ಡೊಳ್ಳು. ಇನ್ನೂರು ಜನ, ಸಭಾಂಗಣ, ಕೂತು ಕೇಳುವ ಮನಸ್ಸಿದ್ದರೆ ಕಂಸಾಳೆ, ಮತ್ತು ಕನಿಷ್ಠ ನಲವತ್ತು ನಿಮಿಷ ಕೊಡಿ. ಅದರಲ್ಲಿ ಕಾಲು ಭಾಗ ಬೀಸು, ಉಳಿದದ್ದು ಕಥೆ.

ವೀರಗಾಸೆಯನ್ನು ಸ್ವಾಗತಕ್ಕೆ ನಿಲ್ಲಿಸಬೇಡಿ

ಸಚಿವರೋ ಮುಖ್ಯ ಅತಿಥಿಯೋ ಕಾರಿನಿಂದ ಇಳಿಯುವಾಗ ಎರಡು ಬದಿಯಲ್ಲಿ ವೀರಗಾಸೆಯವರನ್ನು ಸಾಲಾಗಿ ನಿಲ್ಲಿಸುವ ಪದ್ಧತಿ ಬಂದುಬಿಟ್ಟಿದೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ವೀರಗಾಸೆ ವೀರಭದ್ರನ ಕುಣಿತ. ದಕ್ಷಯಜ್ಞದ ಕಥೆ ಅದರ ಉಸಿರು. ಹಣೆಯ ವಿಭೂತಿ, ರುದ್ರಾಕ್ಷಿ, ಕೈಯ ಕತ್ತಿ, ಎದೆಯ ಮೇಲಿನ ದಕ್ಷಬ್ರಹ್ಮನ ಮುಖ, ಕಾಲಿನ ಗೆಜ್ಜೆ ಎಲ್ಲವೂ ಆ ಕಥೆಯ ಪಾತ್ರಗಳು. ‘ಆಹಾ ರುದ್ರಾ, ಆಹಾ ದೇವಾ’ ಎಂದು ಒಡಪು ಏರುವಾಗ ಸುತ್ತಲಿನ ಗಾಳಿಯೇ ಬಿಗಿಯಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಇದೇ ಕಲೆಯ ಹತ್ತಿರದ ನೆಂಟರು ಪುರವಂತರು. ವೀರಭದ್ರ ಮನೆದೇವರಾಗಿರುವ ಕುಟುಂಬಗಳಲ್ಲಿ ಮದುವೆಯ ಸಮಯದ ಗುಗ್ಗಳವೆಂಬ ವೀರಭದ್ರನ ಸೇವೆಗೆ ಅವರು ಬಂದೇ ಬರಬೇಕು. ಅಂಥ ಮನೆಗಳವರು ಹೋಲಿಕೆ ಮಾಡುತ್ತ ಕೂರಬೇಕಾಗಿಲ್ಲ. ಮನೆತನಕ್ಕೆ ಬಂದುಹೋಗುವ ಪುರವಂತರು ಗೊತ್ತಿರುತ್ತಾರೆ, ಅವರನ್ನೇ ಕರೆಯಿರಿ.

ಆಚರಣೆಯ ಹೊರಗೆ, ವೇದಿಕೆಗೆ ಕರೆಸುವುದಾದರೆ ಚಿಕ್ಕಮಗಳೂರು, ಶಿವಮೊಗ್ಗ, ಹಾಸನ, ಚಿತ್ರದುರ್ಗ ಕಡೆ ಒಳ್ಳೆಯ ಮೇಳಗಳಿವೆ. ಒಡಪನ್ನು ಪೂರ್ತಿ ಹೇಳಲು ಸಮಯ ಕೊಡಿ. ‘ಮಾತು ಬೇಡ, ಕುಣಿತ ಮಾತ್ರ ಸಾಕು’ ಎನ್ನುವ ಸಂಘಟಕರಿಗೆ ನಾನು ಬೇರೆ ಕಲೆ ಆರಿಸಿಕೊಳ್ಳಿ ಎಂದೇ ಹೇಳುತ್ತೇನೆ. ಮೈಗೆ ಶಸ್ತ್ರ ಚುಚ್ಚಿಕೊಳ್ಳುವ ಸೇವೆಯನ್ನು ಶಾಲೆಯ ಅಂಗಳದಲ್ಲಿ ಬೇಡಿ ಕೇಳುವುದಂತೂ ಸರಿಯಲ್ಲ. ಅದು ಹರಕೆ, ದೇವಸ್ಥಾನದ ಮುಂದೆ ನಡೆಯಬೇಕಾದದ್ದು. ಶ್ರಾವಣ, ಕಾರ್ತಿಕ ಮಾಸಗಳಲ್ಲಿ ಈ ಮೇಳಗಳು ಸಿಗುವುದು ಕಷ್ಟ ಎಂಬುದೂ ನೆನಪಿರಲಿ.

ಮೆರವಣಿಗೆಗೆ

ಇಲ್ಲಿ ಆಯ್ಕೆ ಬಹಳ. ಕಣ್ಣು ತುಂಬುವುದು ಬೇಕೆಂದರೆ ಮಂಡ್ಯ, ರಾಮನಗರ ಕಡೆಯ ಪೂಜಾ ಕುಣಿತ. ಬಿದಿರಿನ ಚೌಕಟ್ಟಿಗೆ ದೇವಿಯ ಮುಖ, ಬಣ್ಣದ ಬಟ್ಟೆ ಕಟ್ಟಿ ತಲೆಯ ಮೇಲೆ ಹೊತ್ತು, ಕೈಬಿಟ್ಟು ಕುಣಿಯುವ ಆ ಸಮತೋಲ ಎಷ್ಟು ನೋಡಿದರೂ ತಣಿಯದು. ಅದಕ್ಕಿಂತ ಎತ್ತರದ್ದು ಬೇಕೆಂದರೆ ಉದ್ದನೆಯ ಗಳು ಹೊತ್ತು ಕುಣಿಯುವ ಪಟ ಕುಣಿತ ಅಥವಾ ನಂದಿಧ್ವಜ. ಮೈಸೂರು ದಸರೆಯ ಜಂಬೂಸವಾರಿ ನಂದಿಧ್ವಜದ ಪೂಜೆಯಿಂದಲೇ ಆರಂಭವಾಗುವುದರಿಂದ ಅದರ ಗೌರವ ಎಲ್ಲರಿಗೂ ಗೊತ್ತು. ಈ ಮೂರನ್ನೂ ಗೊತ್ತುಮಾಡುವ ಮೊದಲು ನೀವೇ ಮೆರವಣಿಗೆಯ ದಾರಿಯಲ್ಲಿ ನಡೆದು ತಲೆಯೆತ್ತಿ ನೋಡಿ. ಅಡ್ಡ ಹಾಯುವ ವಿದ್ಯುತ್ ತಂತಿ, ಕೇಬಲ್, ಸ್ವಾಗತ ಕಮಾನು, ತಗ್ಗಿ ನಿಂತ ಮರದ ಕೊಂಬೆ. ಪಟದ ಗಳು ಆಳೆತ್ತರಕ್ಕಿಂತ ಎಷ್ಟೋ ಮೇಲಿರುತ್ತದೆ. ಹಳೆಯ ಪೇಟೆಬೀದಿಗಳಲ್ಲಿ ಇದು ಪ್ರಾಣದ ಪ್ರಶ್ನೆ.

ಸಣ್ಣ ಬೀದಿಗಳ ಊರಿಗೆ ಗಾರುಡಿ ಗೊಂಬೆಗಳು ಚೆನ್ನ, ಮಕ್ಕಳು ಅವುಗಳ ಹಿಂದೆಯೇ ನಡೆಯುತ್ತಾರೆ. ಗೊಂಬೆಯೊಳಗೆ ನಿಂತವರಿಗೆ ಕಾಣುವುದು ಹೊಟ್ಟೆಯ ಹತ್ತಿರದ ಸಣ್ಣ ಕಿಂಡಿಯಲ್ಲಿ ಮಾತ್ರ, ಒಳಗೆ ಸೆಕೆ ವಿಪರೀತ. ಅರ್ಧ ಗಂಟೆಗೊಮ್ಮೆ ನೆರಳು, ನೀರು ಕೊಡಿಸದೆ ಮೂರು ಕಿಲೋಮೀಟರ್ ನಡೆಸಬೇಡಿ. ಉತ್ತರದ ಜಿಲ್ಲೆಗಳವರಾದರೆ ಕರಡಿ ಮಜಲನ್ನು ಬಿಟ್ಟು ಬೇರೆಲ್ಲೂ ಹುಡುಕಬೇಡಿ. ಕರಡಿ ಎಂಬ ಚರ್ಮವಾದ್ಯ, ತಾಳ, ಶಹನಾಯಿ ಮೂರು ಸೇರಿದರೆ ಮದುವೆಯ ದಿಬ್ಬಣಕ್ಕೆ ಅದಕ್ಕಿಂತ ಮಂಗಳಕರವಾದ ದನಿ ಇಲ್ಲ. ನಾಲ್ಕೈದು ಜನರ ಮೇಳವಾದ್ದರಿಂದ ಖರ್ಚೂ ಹೊರೆಯಾಗದು.

ತಮಟೆ

ಇದಕ್ಕೆ ಬೇರೆಯೇ ಜಾಗ ಕೊಡುತ್ತಿದ್ದೇನೆ, ಏಕೆಂದರೆ ‘ಜನಪದ ತಂಡ’ದ ಪಟ್ಟಿಯಲ್ಲಿ ಜನ ಇದನ್ನು ಕೊನೆಗೆ ಇಡುತ್ತಾರೆ. ಪೂಜಾ ಕುಣಿತವಾಗಲಿ ಪಟವಾಗಲಿ ಕುಣಿಯುವುದು ತಮಟೆಯ ಗತ್ತಿಗೆ. ಎಲ್ಲವನ್ನೂ ಎತ್ತಿ ನಿಲ್ಲಿಸುವ ವಾದ್ಯವನ್ನೇ ಪಕ್ಕವಾದ್ಯವೆಂದು ಕಾಣುವುದು ನಮ್ಮ ಅನ್ಯಾಯ. ತಮಟೆಯ ಮೇಳವೊಂದನ್ನೇ ಮುಖ್ಯ ಪ್ರದರ್ಶನವಾಗಿ ಇಡಿ. ಆರೇಳು ಜನರ ಮೇಳ ನಿಧಾನದ ಹೆಜ್ಜೆಯಿಂದ ಶುರುಮಾಡಿ, ಗತ್ತಿನಿಂದ ಗತ್ತಿಗೆ ಏರುತ್ತ, ತಮಟೆಯನ್ನು ಗಾಳಿಗೆ ಎಸೆದು ಹಿಡಿಯುತ್ತ ಅರ್ಧ ಗಂಟೆ ಜನರನ್ನು ಹಿಡಿದು ಕೂರಿಸಬಲ್ಲದು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಈ ವಾದ್ಯಕ್ಕೇ.

ದಲಿತ ಸಮುದಾಯಗಳ ಮೇಲೆ ಊರು ಹೇರಿದ ಚಾಕರಿಯಾಗಿ ತಮಟೆ ಬಹುಕಾಲ ಬಾಳಿತು. ಸಾವಿಗೆ, ಡಂಗುರಕ್ಕೆ, ಜಾತ್ರೆಗೆ ಕರೆದಾಗ ಬರಬೇಕು, ಗುಡಿಯ ಹೊರಗೆ ನಿಲ್ಲಬೇಕು. ಅದೇ ವಾದ್ಯವನ್ನು ಇಂದಿನ ಯುವಕರು, ಯುವತಿಯರು ತಲೆಯೆತ್ತಿ ವೇದಿಕೆಗೆ ತಂದಿದ್ದಾರೆ. ಅವರನ್ನು ಕರೆಸುವವರು ಊಟದ ಪಂಕ್ತಿಯಲ್ಲಿ, ಕುರ್ಚಿಯಲ್ಲಿ, ವೇದಿಕೆಯ ಸನ್ಮಾನದಲ್ಲಿ ಉಳಿದ ಕಲಾವಿದರಿಗೆ ಸಮನಾಗಿ ನಡೆಸಿಕೊಳ್ಳಬೇಕು. ಒಂದು ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅವರು ಗುರುತಿಸುತ್ತಾರೆ. ತಮಟೆಯನ್ನು ಬಾರಿಸುವ ಮೊದಲು ಬೆಂಕಿಗೆ ಕಾಯಿಸಿ ಹದಗೊಳಿಸಬೇಕು. ಸಭಾಂಗಣವಾದರೆ ಹೊರಗೆ ಅದಕ್ಕೊಂದು ಸುರಕ್ಷಿತ ಜಾಗವನ್ನು ಕಾವಲುಗಾರರಿಗೆ ಮೊದಲೇ ತಿಳಿಸಿಡಿ. ಮಳೆಗಾಲಕ್ಕೆ ಫೈಬರ್ ಹೊದಿಕೆಯ ತಮಟೆಗಳನ್ನೂ ಈಗ ಬಳಸುತ್ತಾರೆ. ನಾದ ತುಸು ಚೂಪಾಗಿರುತ್ತದೆ, ಆದರೆ ಮಳೆಯಲ್ಲಿ ಕೈಕೊಡುವುದಿಲ್ಲ.

ಕೂತು ಕೇಳುವ ಮೇಳಗಳು

ಕುಣಿತವಿಲ್ಲದ ಮೇಳ ಜನರನ್ನು ಹಿಡಿಯುವುದಿಲ್ಲ ಎಂಬ ಭಯ ಬಿಡಿ. ಬೆಳಗಾವಿ, ಬಾಗಲಕೋಟೆ ಕಡೆಯ ಗೀಗೀ ಪದದವರನ್ನು ಒಮ್ಮೆ ಕರೆಸಿ ನೋಡಿ. ಹರದೇಶಿಯವರು ಗಂಡಿನ ಪರ, ನಾಗೇಶಿಯವರು ಹೆಣ್ಣಿನ ಪರ ವಾದ ಹೂಡಿ ಸವಾಲು ಹಾಕಿಕೊಳ್ಳುವ ರಾತ್ರಿಯಲ್ಲಿ ಯಾರೂ ಎದ್ದು ಹೋಗುವುದಿಲ್ಲ. ಇದಕ್ಕೆ ಎರಡೂ ಕಡೆಯ ಮೇಳ ಬೇಕು, ರಾತ್ರಿ ಬೇಕು, ಮಾತು ತಿಳಿಯುವ ಜನ ಬೇಕು. ಬೆಂಗಳೂರಿನ ಬಡಾವಣೆಯ ಒಂದು ಗಂಟೆಯ ಕಾರ್ಯಕ್ರಮಕ್ಕೆ ಇದು ಹೊಂದದು. ಅಲ್ಲಿಗೆ ಮಂಟೇಸ್ವಾಮಿಯ ಭಕ್ತ ಗಾಯಕರಾದ ನೀಲಗಾರರ ತಂಬೂರಿ ಪದ ಹೆಚ್ಚು ಒಗ್ಗುತ್ತದೆ. ಮಂಟೇಸ್ವಾಮಿಯ ಕಥೆಯ ಒಂದು ಭಾಗವನ್ನು ಗಂಟೆಯೊಳಗೆ ಮುಗಿಸಿಕೊಡುತ್ತಾರೆ.

ಸವದತ್ತಿ ಯಲ್ಲಮ್ಮನಿಗೆ ಮುಡಿಪಾದ ಜೋಗತಿಯರು ಚೌಡಿಕೆ ಎಂಬ ತಂತಿವಾದ್ಯ ನುಡಿಸಿ ಹಾಡುವ ಚೌಡಿಕೆ ಪದ, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯಕ್ಕೆ ಈಗ ಗೌರವದ ವೇದಿಕೆ ಸಿಗುತ್ತಿದೆ. ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪಡೆದದ್ದು ಈ ಬದಲಾವಣೆಯ ದೊಡ್ಡ ಹೆಜ್ಜೆಗಳು. ಜೋಗತಿಯರ ಮೇಳಗಳನ್ನು ಕರೆಸುವಾಗ ಮುಂಚಿತವಾಗಿ ಬಟ್ಟೆ ಬದಲಿಸಲು ಪ್ರತ್ಯೇಕ ಕೋಣೆಯ ಏರ್ಪಾಡು ಮಾಡಿ. ಇದನ್ನು ಅವರಾಗಿ ಬಾಯಿಬಿಟ್ಟು ಕೇಳುವ ಹಾಗೆ ಆಗಬಾರದು.

ಮನೆಯ ಮದುವೆಗಾದರೆ ಊರಿನ ಸೋಬಾನೆ ಹಾಡುವ ಹೆಂಗಸರಿಗಿಂತ ಉತ್ತಮ ಮೇಳವನ್ನು ನಾನು ಸೂಚಿಸಲಾರೆ. ಅರಿಸಿನ ಹಚ್ಚುವಾಗ, ಹಸೆಗೆ ಕರೆಯುವಾಗ, ಹೆಣ್ಣನ್ನು ಕಳಿಸಿಕೊಡುವಾಗ ಪ್ರತಿಯೊಂದಕ್ಕೂ ಹಾಡಿರುತ್ತದೆ. ಅಂಕೋಲಾದ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ 2025ರ ಫೆಬ್ರುವರಿಯಲ್ಲಿ ನಮ್ಮನ್ನಗಲಿದಾಗ ನಾಡೆಲ್ಲ ಮರುಗಿತು. ಅವರಂತೆ ನೂರಾರು ಹಾಡು ಬಲ್ಲ ಅಜ್ಜಿಯಂದಿರು ನಿಮ್ಮ ತಾಲ್ಲೂಕಿನಲ್ಲೂ ಇದ್ದಾರೆ. ಅವರಿಗೆ ಸೀರೆ, ಎಲೆ ಅಡಿಕೆ ಕೊಟ್ಟರೆ ಮುಗಿಯಿತೆಂದುಕೊಳ್ಳಬೇಡಿ, ಸಂಭಾವನೆಯನ್ನೂ ಕೊಡಿ.

ಶಾಲೆಗೆ ಮತ್ತು ಕಲಿಯುವವರಿಗೆ

ಮಕ್ಕಳಿಗೆ ಮೊದಲ ಕಲೆಯಾಗಿ ಕೋಲಾಟಕ್ಕೆ ಸಾಟಿಯಿಲ್ಲ. ಜೋಡಿ ಕೋಲುಗಳಷ್ಟೇ ಖರ್ಚು. ಎದುರಿನವರ ಕಣ್ಣು ನೋಡುವುದು, ಹಾಡು ಕೇಳುತ್ತ ಹೆಜ್ಜೆ ಇಡುವುದು, ತಾನು ತಪ್ಪಿದರೆ ಇಡೀ ಸುತ್ತು ನಿಲ್ಲುತ್ತದೆಂದು ತಿಳಿಯುವುದು, ಮುಂದೆ ಯಾವ ಕುಣಿತ ಕಲಿತರೂ ಬೇಕಾಗುವ ಎಲ್ಲವೂ ಇದರಲ್ಲಿದೆ. ಮೇಲಿನಿಂದ ಇಳಿಬಿಟ್ಟ ಬಣ್ಣದ ಪಟ್ಟಿಗಳನ್ನು ಹೆಣೆದು, ಮತ್ತೆ ಹಿಮ್ಮುಖವಾಗಿ ಸುತ್ತಿ ಬಿಡಿಸುವ ಜಡೆ ಕೋಲಾಟವನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಹೆಣೆಯುವುದು ಬಂದೀತು, ಬಿಡಿಸುವುದಕ್ಕೆ ಅಭ್ಯಾಸ ಬೇಕು. ಕೊಡಗಿನ ಶಾಲೆಗಳಿಗೆ ಈ ಮಾತು ಹೇಳಬೇಕಾಗಿಯೇ ಇಲ್ಲ. ಅಲ್ಲಿ ಹುತ್ತರಿ ಕೋಲಾಟವೂ ಹೆಣ್ಣುಮಕ್ಕಳ ಉಮ್ಮತ್ತಾಟವೂ ಮನೆಯಿಂದಲೇ ಬರುತ್ತವೆ. ಉಮ್ಮತ್ತಾಟಕ್ಕಾಗಿ ರಾಣಿ ಮಾಚಯ್ಯ ಅವರಿಗೂ 2023ರಲ್ಲೇ ಪದ್ಮಶ್ರೀ ಸಂದಿತು.

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಡೊಳ್ಳು ಕಟ್ಟುವುದು ಬೇಡ. ಸಣ್ಣ ಅಳತೆಯ ಡೊಳ್ಳುಗಳು ಸಿಗುತ್ತವೆ, ಹೈಸ್ಕೂಲಿನವರೆಗೆ ಕಾದರೆ ನಷ್ಟವೇನೂ ಇಲ್ಲ. ಕಂಸಾಳೆಯನ್ನು ಹತ್ತು ಹನ್ನೆರಡರ ವಯಸ್ಸಿಗೆ ಆರಂಭಿಸಬಹುದು, ಕುಳಿತು ತಾಳ ಹಾಕುವುದರಿಂದ ಶುರುಮಾಡಿ.

ಗುರುವನ್ನು ಆರಿಸುವ ವಿಷಯಕ್ಕೆ ಬಂದರೆ ಮೂರು ದಾರಿಗಳಿವೆ. ಮೊದಲನೆಯದು ಕಲೆ ಇರುವ ಊರಿಗೇ ಹೋಗಿ ಹಿರಿಯ ಕಲಾವಿದರೊಬ್ಬರ ಬಳಿ ಕಲಿಯುವುದು. ಎರಡನೆಯದು ಸಂಸ್ಥೆಗಳು. ಎಚ್.ಎಲ್. ನಾಗೇಗೌಡರು ರಾಮನಗರದಲ್ಲಿ ಕಟ್ಟಿದ ಜಾನಪದ ಲೋಕ, ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇಂಥವು. ಮೂರನೆಯದು ನಗರದ ನೃತ್ಯ ತರಬೇತುದಾರರು, ಕಾಲೇಜುಗಳ ಯುವಜನೋತ್ಸವಕ್ಕೆ ತಂಡ ಕಟ್ಟಿಕೊಡುವವರು.

ಮೂರನೆಯವರನ್ನು ನಾನು ತಳ್ಳಿಹಾಕುವುದಿಲ್ಲ. ತಿಂಗಳೊಳಗೆ ಇಪ್ಪತ್ತು ವಿದ್ಯಾರ್ಥಿಗಳನ್ನು ಒಂದೇ ಹೆಜ್ಜೆಗೆ ತರುವುದು ದೊಡ್ಡ ಕೌಶಲವೇ. ಆದರೆ ಅವರಲ್ಲಿ ಹಲವರು ಎಂಟು ನಿಮಿಷದಲ್ಲಿ ಡೊಳ್ಳು, ಕಂಸಾಳೆ, ವೀರಗಾಸೆ, ಸುಗ್ಗಿ ಎಲ್ಲವನ್ನೂ ತುರುಕುತ್ತಾರೆ, ವಿದ್ಯಾರ್ಥಿಗಳಿಗೆ ಒಂದು ಹಾಡೂ ಬಾಯಿಗೆ ಬಂದಿರುವುದಿಲ್ಲ. ‘ಒಂದೇ ಕಲೆ, ಹಾಡು ಮಕ್ಕಳೇ ಹಾಡಬೇಕು’ ಎಂಬ ಎರಡು ಷರತ್ತಿಗೆ ಒಪ್ಪುವವರಾದರೆ ಧೈರ್ಯವಾಗಿ ಒಪ್ಪಿಸಿ. ಸಂಸ್ಥೆಗಳ ದೊಡ್ಡ ಉಪಕಾರವೆಂದರೆ ಅಲ್ಲಿ ಒಂದೇ ಕಡೆ ಹಲವು ಕಲೆಗಳನ್ನು, ವಾದ್ಯಗಳನ್ನು, ಕಲಾವಿದರನ್ನು ನೋಡಿ ನಿಮಗೆ ಯಾವುದು ಒಗ್ಗುತ್ತದೆಂದು ತೀರ್ಮಾನಿಸಬಹುದು. ಇನ್ನೂ ನಿರ್ಧರಿಸದವರು ಜಾನಪದ ಲೋಕದಲ್ಲಿ ಒಂದು ಇಡೀ ದಿನ ಕಳೆದುಬರಲಿ.

ಆದರೂ ಗಟ್ಟಿಯಾಗಿ ಕಲಿಯಬೇಕೆಂಬ ಆಸೆಯಿದ್ದವರಿಗೆ ಮೊದಲ ದಾರಿಯೇ ದಾರಿ. ಅಲ್ಲಿ ಪಾಠದ ಕ್ರಮ ಬೇರೆ. ಹೊಸದಾಗಿ ಹೋದವರಿಗೆ ತಿಂಗಳುಗಟ್ಟಲೆ ಹಿಮ್ಮೇಳದಲ್ಲಿ ಕೂತು ಸೊಲ್ಲು ಹೇಳುವುದಷ್ಟೇ ಕೆಲಸ. ಹೆಜ್ಜೆ ಯಾವಾಗ ಹೇಳಿಕೊಡುತ್ತಾರೆಂದು ಕೇಳಿದರೆ ನಗುತ್ತಾರೆ. ಹಾಡು ಮೈಗೆ ಇಳಿದ ಮೇಲೆ ಹೆಜ್ಜೆ ತಾನಾಗಿ ಬರುತ್ತದೆಂಬ ಅವರ ನಂಬಿಕೆ ಸುಳ್ಳಾದದ್ದನ್ನು ನಾನು ಕಂಡಿಲ್ಲ. ಗುರುವನ್ನು ಒಪ್ಪಿಕೊಳ್ಳುವ ಮುನ್ನ ಕೆಲವು ವಿಷಯ ತಿಳಿದುಕೊಳ್ಳಿ: ಅವರು ಯಾರಿಂದ ಕಲಿತರು, ಅವರಿಂದ ಕಲಿತವರು ಈಗ ಎಲ್ಲಿ ಹಾಡುತ್ತಿದ್ದಾರೆ, ಕಥೆಯ ಯಾವ ಯಾವ ಸಾಲು ಅವರಿಗೆ ಪೂರ್ತಿ ಬರುತ್ತದೆ. ಮೂರನೆಯ ಪ್ರಶ್ನೆಗೆ ಕಣ್ಣರಳಿಸಿ ಉತ್ತರಿಸುವವರು ಸಿಕ್ಕರೆ ಮತ್ತೆ ಹುಡುಕಬೇಡಿ. ಕೆಲವು ಕಲೆಗಳಿಗೆ ದೀಕ್ಷೆಯ ಕಟ್ಟುಪಾಡಿದೆ. ಗೊರವರ ಕುಣಿತ ಅಂಥದ್ದು. ಕರಿಕಂಬಳಿ, ಕರಡಿಗೂದಲ ಟೋಪಿ, ಡಮರು, ದೋಣಿಯಾಕಾರದ ಪಾತ್ರೆ ಇವು ಮೈಲಾರಲಿಂಗನ ಗೊರವಪ್ಪನವರಿಗೆ ವೇಷವಲ್ಲ, ವ್ರತ. ಕಲಿಯುವ ಮುಂಚೆ ಅವರ ಒಪ್ಪಿಗೆ ಕೇಳುವುದು ಸೌಜನ್ಯ.

ಮತ್ತು ಗುರುವಿಗೆ ತಿಂಗಳ ಸಂಭಾವನೆಯನ್ನು ನೀವೇ ಮಾತೆತ್ತಿ ನಿಗದಿ ಮಾಡಿ. ಹಳ್ಳಿಯ ಕಲಾವಿದರು ನಾಚಿಕೆಯಿಂದ ‘ನೀವು ಕೊಟ್ಟಷ್ಟು’ ಎನ್ನುತ್ತಾರೆ. ಅದನ್ನೇ ಹಿಡಿದು ಕಡಿಮೆ ಕೊಡಬಾರದು. ನಗರದಲ್ಲಿ ಭರತನಾಟ್ಯಕ್ಕೋ ಕೀಬೋರ್ಡಿಗೋ ನೀವು ತೆರುವ ಶುಲ್ಕ ಎಷ್ಟೋ ಅಷ್ಟಾದರೂ ಆಗಲಿ. ಮೊಬೈಲಿನಲ್ಲಿ ವೀಡಿಯೊ ನೋಡಿ ಹೆಜ್ಜೆ ನೆನಪಿಟ್ಟುಕೊಳ್ಳಬಹುದು. ಪಕ್ಕದವರ ಉಸಿರು ಕೇಳಿ ಲಯ ಹಿಡಿಯುವುದನ್ನು ಅದು ಕಲಿಸಲಾರದು.

ಹೊರನಾಡಿನ ಸಂಘಗಳಿಗೆ

ಮುಂಬೈ, ದೆಹಲಿಯ ಕನ್ನಡ ಸಂಘಗಳಿಗೆ ರೈಲಿನಲ್ಲಿ ಡೊಳ್ಳು ಸಾಗಿಸುವುದು ಕಷ್ಟವಾದರೂ ಆಗುವ ಕೆಲಸ. ವಿಮಾನವಾದರೆ ಲೆಕ್ಕ ಬೇರೆ. ಹನ್ನೆರಡು ಡೊಳ್ಳುಗಳ ಸಾಗಣೆಯ ಖರ್ಚು ಕಲಾವಿದರ ಸಂಭಾವನೆಯನ್ನೇ ನುಂಗುತ್ತದೆ. ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಚರ್ಮ, ಮರದ ವಸ್ತುಗಳನ್ನು ಇಳಿದೊಡನೆ ಘೋಷಿಸಿ ತಪಾಸಣೆಗೆ ಒಪ್ಪಿಸಬೇಕು. ಕಂಸಾಳೆಗೆ ಈ ತೊಡಕು ಕಡಿಮೆ. ಕಂಚಿನ ತಾಳಗಳು ಒಂದು ಪೆಟ್ಟಿಗೆಯಲ್ಲಿ ಹಿಡಿಯುತ್ತವೆ, ಕೈಚೀಲದಲ್ಲಿ ಇಡದೆ ದೊಡ್ಡ ಸಾಮಾನಿನೊಂದಿಗೆ ಕಳಿಸಿದರಾಯಿತು.

ಇದಕ್ಕಿಂತ ಒಳ್ಳೆಯ ಆಯ್ಕೆಯೊಂದಿದೆ. ಹನ್ನೆರಡು ಜನರನ್ನು ಹದಿನೈದು ನಿಮಿಷದ ಪ್ರದರ್ಶನಕ್ಕೆ ಕರೆಸುವ ಹಣದಲ್ಲಿ ಇಬ್ಬರು ಹಾಡುಗಾರ ಗುರುಗಳನ್ನು ಎರಡು ವಾರಕ್ಕೆ ಕರೆಸಿಕೊಳ್ಳಿ. ಅಲ್ಲಿನ ಮಕ್ಕಳು, ದೊಡ್ಡವರು ಕೋಲಾಟವನ್ನೋ ಕಂಸಾಳೆಯನ್ನೋ ಕಲಿತು ತಾವೇ ರಾಜ್ಯೋತ್ಸವಕ್ಕೆ ನಿಲ್ಲಲಿ. ಮಾದಪ್ಪನ ಪದ ಹೇಳಿಕೊಳ್ಳುತ್ತ ಕನ್ನಡವೂ ಅವರ ನಾಲಗೆಗೆ ಬರುತ್ತದೆ. ಗುರುಗಳು ಹಿಂದಿರುಗಿದ ಮೇಲೂ ಮೇಳ ಅಲ್ಲೇ ಉಳಿಯುತ್ತದೆ.

ವೀಳ್ಯ ಕೊಟ್ಟು ಮೇಳ ಗೊತ್ತುಮಾಡುವಾಗ

ಮೇಳಗಳ ಪರಿಚಯವಿಲ್ಲದವರು ಜಿಲ್ಲಾ ಕೇಂದ್ರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಬೆಂಗಳೂರಿನಲ್ಲಿ ಜಾನಪದ ಅಕಾಡೆಮಿಯೂ ಕರ್ನಾಟಕ ಜಾನಪದ ಪರಿಷತ್ತೂ ಇವೆ. ನಡುವೆ ನಿಂತು ತಂಡ ಒದಗಿಸುವವರ ಮೂಲಕ ಹೋದರೆ ಒಂದು ಎಚ್ಚರ: ಕಲಾವಿದರ ಕೈಗೆ ಎಷ್ಟು ಸೇರುತ್ತದೆಂದು ಮೇಳದ ಮುಖ್ಯಸ್ಥರನ್ನು ನೇರವಾಗಿ ಕೇಳಿ ತಿಳಿದುಕೊಳ್ಳಿ.

ತಾರೀಖು ಹಿಡಿಯುವ ಮುನ್ನ ಅವರ ಪಂಚಾಂಗ ನೋಡಿ. ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಿಗೆ ಕಂಸಾಳೆಯವರು ಮಾದಪ್ಪನ ಬೆಟ್ಟದಲ್ಲಿರುತ್ತಾರೆ. ಚಿಕ್ಕಲ್ಲೂರು ಜಾತ್ರೆಯ ದಿನಗಳಲ್ಲಿ ನೀಲಗಾರರು ಸಿಗುವುದಿಲ್ಲ. ಭರತ ಹುಣ್ಣಿಮೆಯ ಸುಮಾರಿಗೆ ಗೊರವರೂ ಮೈಲಾರದ ಕಾರಣಿಕದಲ್ಲಿರುತ್ತಾರೆ, ಜೋಗತಿಯರು ಸವದತ್ತಿಯ ಗುಡ್ಡದಲ್ಲಿ. ಹೆಚ್ಚು ಹಣದ ಆಸೆ ತೋರಿಸಿ ಆ ದಿನಗಳಲ್ಲಿ ಅವರನ್ನು ಎಳೆದು ತರುವುದು ಬೇಡ. ಸಾಧ್ಯವಾದರೆ ನೀವೇ ಅಲ್ಲಿಗೆ ಹೋಗಿ. ಯಾವ ಮೇಳ ಹೇಗೆ ಹಾಡುತ್ತದೆಂದು ತಿಳಿಯಲು, ಮುಂದಿನ ವರ್ಷಕ್ಕೆ ವೀಳ್ಯ ಕೊಡಲು ಅದಕ್ಕಿಂತ ಒಳ್ಳೆಯ ಸ್ಥಳವಿಲ್ಲ.

ಮಾತು ಮುಗಿಸುವಾಗ ಇಷ್ಟನ್ನು ಬರೆದುಕೊಳ್ಳಿ: ಒಟ್ಟು ಎಷ್ಟು ಜನ, ಹಾಡುವವರ ಹೆಸರು, ಎಷ್ಟು ಹೊತ್ತಿನ ಪ್ರದರ್ಶನ, ವಾಹನ ಯಾರದ್ದು, ಊಟ ಎಷ್ಟು ಹೊತ್ತಿಗೆ, ತಂಗುವ ಜಾಗ ಎಲ್ಲಿ, ಮುಂಗಡ ಎಷ್ಟು, ಉಳಿದದ್ದು ಯಾವಾಗ. ಸಂಜೆ ಆರಕ್ಕೆ ಬರಹೇಳಿ ಭಾಷಣಗಳೆಲ್ಲ ಮುಗಿದ ಮೇಲೆ ರಾತ್ರಿ ಹನ್ನೊಂದಕ್ಕೆ, ಖಾಲಿ ಕುರ್ಚಿಗಳ ಮುಂದೆ ಅವರನ್ನು ಕುಣಿಸುವುದು ನಮ್ಮಲ್ಲಿ ತೀರಾ ಸಾಮಾನ್ಯವಾಗಿದೆ. ಅವರ ಸಮಯವನ್ನು ಆಹ್ವಾನ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ, ಮುಮ್ಮೇಳದವರ ಹೆಸರಿನ ಸಮೇತ. ಉಳಿದ ಹಣವನ್ನು ಕುಣಿತ ಮುಗಿದ ರಾತ್ರಿಯೇ, ಅವರು ವಾಹನ ಹತ್ತುವ ಮೊದಲು ಕೊಟ್ಟುಬಿಡಿ. ಮರುದಿನ ಬೆಳಿಗ್ಗೆ ಅವರಲ್ಲಿ ಹೆಚ್ಚಿನವರಿಗೆ ಹೊಲದ ಕೆಲಸವೋ ಕೂಲಿಯೋ ಕಾದಿರುತ್ತದೆ.